ಪೇಜ್ ಫೈಲ್ ತೆಗೆದುಹಾಕುವ ಮುನ್ನ ದಯವಿಟ್ಟು ಇದನ್ನು ಓದಿ
ತಂದೆಯವರು ಕೈಬರಹದಲ್ಲಿ ಬರೆದಿಟ್ಟ ನೆನಪುಗಳನ್ನು ಪುಸ್ತಕವಾಗಿಸಲು ನಾನು ಬಳಸುತ್ತಿದ್ದುದು 8 ಜಿಬಿ ರ‍್ಯಾಮ್ ಇರುವ, ವಿಂಡೋಸ್ 10ರ ಲ್ಯಾಪ್‌ಟಾಪ್. ಹಳೆಯ ಫೋಟೊಗಳನ್ನೂ ಪುಟವಿನ್ಯಾಸದ ತಂತ್ರಾಂಶವನ್ನೂ ಒಟ್ಟಿಗೆ ತೆರೆದಾಗ ಅದು ತೀರಾ ನಿಧಾನವಾಗುತ್ತಿತ್ತು. ರ‍್ಯಾಮ್ ಸಾಕಷ್ಟಿದ್ದವರು ಪೇಜ್ ಫೈಲ್ (ರ‍್ಯಾಮ್‌ಗೆ ಪೂರಕವಾಗಿ ವಿಂಡೋಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಕಡತ) ತೆಗೆದುಹಾಕಿದರೆ ಡಿಸ್ಕಿನ ಓಡಾಟ ತಪ್ಪಿ ವೇಗ ಹೆಚ್ಚುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದನ್ನು ನಂಬಿ, ವರ್ಚುವಲ್ ಮೆಮೊರಿಯ ಕಿಟಕಿಯಲ್ಲಿ 'ನೋ ಪೇಜಿಂಗ್ ಫೈಲ್' ಆಯ್ಕೆ ಮಾಡಿ ರೀಸ್ಟಾರ್ಟ್ ಮಾಡಿದೆ. ಎರಡು ದಿನ ಏನೂ ತೊಂದರೆಯಾಗಲಿಲ್ಲ.

ಮೂರನೆಯ ದಿನ ಸಂಜೆ ಮೊದಲು ಬ್ರೌಸರಿನ ಟ್ಯಾಬ್‌ಗಳು ಬಿಳಿಚಿಕೊಂಡವು. ಮರುಕ್ಷಣದಲ್ಲಿ ವಿನ್ಯಾಸದ ತಂತ್ರಾಂಶ, ಉಳಿಸಬೇಕೇ ಎಂದೂ ಕೇಳದೆ, ಮುಚ್ಚಿಹೋಯಿತು. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದಲಾಗದ ಊರು, ಹೆಸರುಗಳನ್ನು ಕೇಳಿ ಕೇಳಿ ತಿದ್ದಿದ್ದ 40 ಪುಟಗಳ ಕೆಲಸ ಹಾಳಾಯಿತು. 82ರ ವಯಸ್ಸಿನ ಅವರಿಗೆ ಎರಡನೆಯ ಸಲ ಕೇಳಿದಾಗ ಕೆಲವು ಹೆಸರುಗಳು ನೆನಪಾಗಲೇ ಇಲ್ಲ.

ನನ್ನನ್ನು ಹೆಚ್ಚು ಗೊಂದಲಕ್ಕೀಡುಮಾಡಿದ್ದೆಂದರೆ, ಮತ್ತೆ ಅದೇ ಕಡತಗಳನ್ನು ತೆರೆದು ನೋಡಿದಾಗ ಟಾಸ್ಕ್ ಮ್ಯಾನೇಜರ್ ಸುಮಾರು 6 ಜಿಬಿ ಮಾತ್ರ ಬಳಕೆಯಲ್ಲಿದೆ ಎನ್ನುತ್ತಿತ್ತು. ಉತ್ತರ ಅದರ ಕೆಳಗಿನ 'ಕಮಿಟೆಡ್' ಎಂಬ ಅಂಕಿಯಲ್ಲಿತ್ತು: 7.7/7.8 ಜಿಬಿ (ಕಾದಿರಿಸಿದ್ದು/ಮಿತಿ). ತಂತ್ರಾಂಶಗಳು ತಮಗೆ ಬೇಕಾಗಬಹುದಾದಷ್ಟು ಮೆಮೊರಿಯನ್ನು, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ, ಮುಂಚೆಯೇ ಕಾದಿರಿಸಿಕೊಳ್ಳುತ್ತವೆ. ಕಾದಿರಿಸಿದ್ದು ಮುಂದೆ ಬಳಕೆಯಾಗಲಿ ಬಿಡಲಿ, ಅಷ್ಟಕ್ಕೂ ಜಾಗ ಒದಗಿಸುವ ಹೊಣೆಯನ್ನು ವಿಂಡೋಸ್ ಹೊತ್ತುಕೊಳ್ಳುವುದರಿಂದ, ರ‍್ಯಾಮ್ ಮತ್ತು ಪೇಜ್ ಫೈಲ್ ಎರಡರ ಮೊತ್ತವನ್ನು ಮೀರಿ ಅದು ಯಾರಿಗೂ ಮಾತು ಕೊಡುವುದಿಲ್ಲ. ಪೇಜ್ ಫೈಲ್ ಇಲ್ಲವಾದಾಗ ಆ ಮಿತಿ ರ‍್ಯಾಮ್‌ನಷ್ಟಕ್ಕೇ ಕುಗ್ಗುತ್ತದೆ. ಆಗ ರ‍್ಯಾಮ್ ಖಾಲಿ ಕಂಡರೂ ಹೊಸ ಬೇಡಿಕೆ ತಿರಸ್ಕೃತವಾಗುತ್ತದೆ. ವಿಂಡೋಸ್‌ನಲ್ಲಿ ನಡೆದ ಘಟನೆಗಳನ್ನು ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ದಾಖಲೆಯಲ್ಲಿ 2004 ಸಂಖ್ಯೆಯ ಎಚ್ಚರಿಕೆಯೊಂದು, ಹೆಚ್ಚು ವರ್ಚುವಲ್ ಮೆಮೊರಿ ಹಿಡಿದಿದ್ದ ತಂತ್ರಾಂಶಗಳ ಹೆಸರುಗಳ ಸಮೇತ, ಅದೇ ಸಂಜೆಯ ಸಮಯವನ್ನು ತೋರಿಸುತ್ತಿತ್ತು.

ರ‍್ಯಾಮ್ ಖಾಲಿ ಮಾಡಿಕೊಡುತ್ತೇವೆ ಎನ್ನುವ 'ಮೆಮೊರಿ ಕ್ಲೀನರ್' ತಂತ್ರಾಂಶಗಳನ್ನೂ ನಂಬಬೇಡಿ. ಅವು ಬಳಕೆಯಲ್ಲಿರುವ ಮೆಮೊರಿಯ ತುಣುಕುಗಳನ್ನು ರ‍್ಯಾಮ್‌ನಿಂದ ಬಲವಂತವಾಗಿ ಹೊರದೂಡಿ ಅಂಕಿಯನ್ನು ಚೆಂದಗಾಣಿಸುತ್ತವೆ, ಅಷ್ಟೇ; ಆ ತುಣುಕುಗಳನ್ನು ಮತ್ತೆ ತಂದುಕೊಳ್ಳುವ ಶ್ರಮ ಯಂತ್ರದ ಮೇಲೆಯೇ ಬೀಳುತ್ತದೆ.

ಈಗಾಗಲೇ ಪೇಜ್ ಫೈಲ್ ತೆಗೆದಿದ್ದರೆ, ತೆರೆದಿರುವ ಕೆಲಸವನ್ನೆಲ್ಲ ಮೊದಲು ಉಳಿಸಿ. ಸ್ಟಾರ್ಟ್ ಮೆನುವಿನಲ್ಲಿ 'ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಎಂದು ಹುಡುಕಿ, ಪರ್ಫಾರ್ಮೆನ್ಸ್ ವಿಭಾಗದ 'ಸೆಟ್ಟಿಂಗ್ಸ್' ಒತ್ತಿ, 'ಅಡ್ವಾನ್ಸ್ಡ್' ಟ್ಯಾಬಿನಲ್ಲಿ 'ಚೇಂಜ್' ಒತ್ತಿರಿ. ಅಲ್ಲಿ ಎಲ್ಲಕ್ಕಿಂತ ಮೇಲಿರುವ 'ಆಟೊಮ್ಯಾಟಿಕಲಿ ಮ್ಯಾನೇಜ್' ಚೌಕಕ್ಕೆ ಗುರುತು ಹಾಕಿ ರೀಸ್ಟಾರ್ಟ್ ಮಾಡಿ. ಸಿ ಡ್ರೈವಿನಲ್ಲಿ ಆ ಕಡತ ಬೆಳೆಯಲು ಜಾಗವಿರಲಿ. ನನ್ನ ಯಂತ್ರದ ನಿಧಾನಗತಿ ನೀಗಿದ್ದು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದ ಮೇಲೆಯೇ. ಆಗಲೂ ಆ ಗುರುತನ್ನು ನಾನು ತೆಗೆದಿಲ್ಲ.