ಮಲ್ಪೆ ಬಂದರಿನ ನಕ್ಷೆ ಬಿಡಿಸಿ ಕಲಿಯುವ ಶಾಂತಿ ಅಧ್ಯಯನ

ಉಡುಪಿಯ ಕಾಲೇಜೊಂದರಲ್ಲಿ ನಡೆಯುವ ಶಾಂತಿ ಅಧ್ಯಯನದ ಐಚ್ಛಿಕ ಪತ್ರಿಕೆ ಇದು. 3 ಕ್ರೆಡಿಟ್, 45 ಗಂಟೆ. ಸೇರಬಹುದು, ಮುಖ್ಯವಾಗಿ ಎರಡನೇ ಘಟಕಕ್ಕಾಗಿ.

ಮೊದಲ ಘಟಕದಲ್ಲಿ ನಾರ್ವೆಯ ಶಾಂತಿ ಸಂಶೋಧಕ ಯೋಹಾನ್ ಗಾಲ್ಟುಂಗ್ 1969ರಲ್ಲಿ ಮಂಡಿಸಿದ ರಚನಾತ್ಮಕ ಹಿಂಸೆಯ ವಿಚಾರವಿದೆ: ಯಾರೂ ಕೈಯೆತ್ತದಿದ್ದರೂ ಸಮಾಜದ ವ್ಯವಸ್ಥೆಯೇ ಕೆಲವರಿಗೆ ಮಾಡುವ ಹಾನಿ. ಪಾಠ ಅಚ್ಚುಕಟ್ಟು.

ಎರಡನೆಯದು ಸಂಘರ್ಷ ನಕ್ಷೆ, ಅಂದರೆ ಜಗಳದಲ್ಲಿರುವ ಒಬ್ಬೊಬ್ಬರನ್ನೂ ವೃತ್ತವಾಗಿ, ಅವರ ಸಂಬಂಧಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ. ಐದೈದು ಜನರ ಗುಂಪಿಗೆ ಒಂದು ಚಾರ್ಟ್ ಹಾಳೆ. ವಿಷಯ ಮಲ್ಪೆ ಬಂದರಿನಲ್ಲಿ ಸಾಂಪ್ರದಾಯಿಕ ನಾಡದೋಣಿ, ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟ್‌ಗಳ ಜಗಳ. ಯಾರ ಕೈ ಮೇಲೋ ಅವರ ವೃತ್ತ ದೊಡ್ಡದು. ಮೈತ್ರಿಗೆ ಜೋಡಿ ಗೆರೆ, ವೈರಕ್ಕೆ ಅಂಕುಡೊಂಕು ಗೆರೆ, ಆಗೊಮ್ಮೆ ಈಗೊಮ್ಮೆ ಇರುವ ಸಂಪರ್ಕಕ್ಕೆ ಚುಕ್ಕಿ ಗೆರೆ. ಆಮೇಲೆ ಪ್ರತಿ ವೃತ್ತದ ಪಕ್ಕ ಎರಡು ಸಾಲು: ಬಾಯಲ್ಲಿ ಹೇಳುವ ನಿಲುವು, ಅದರ ಹಿಂದಿನ ಅಗತ್ಯ. ‘ಲೈಟ್ ಫಿಶಿಂಗ್ ನಿಲ್ಲಿಸಿ’, ಅಂದರೆ ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು ಬೇಡ ಎಂಬುದು ನಾಡದೋಣಿಯವರ ನಿಲುವು. ದಡದ ಹತ್ತಿರ ಬಂಗುಡೆ, ಬೂತಾಯಿ ಸಿಗಬೇಕೆಂಬುದು ಅಗತ್ಯ. ಈ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಅರ್ಧ ಪತ್ರಿಕೆ ಅರ್ಥವಾದಂತೆ. ಹೆಚ್ಚಿನ ಗುಂಪುಗಳು ಬಿಟ್ಟುಬಿಡುವುದು ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರನ್ನು. ದೋಣಿ ಅವರ ಹೆಸರಲ್ಲಿಲ್ಲ, ಹಾಗಾಗಿ ನಕ್ಷೆಯಲ್ಲೂ ಇರುವುದಿಲ್ಲ. ಅಧ್ಯಾಪಕರು ಹಾಳೆಯನ್ನು ವಾಪಸ್ ಕೊಟ್ಟು ‘ಯಾರು ಬಿಟ್ಟುಹೋದರು?’ ಎಂದಷ್ಟೇ ಕೇಳುತ್ತಾರೆ. ರಚನಾತ್ಮಕ ಹಿಂಸೆ ಎಂದರೇನೆಂದು ತಿಳಿಯಲು ಆ ಖಾಲಿ ಜಾಗವೇ ಸಾಕು.

ಎಡವಿರುವುದು ಮಧ್ಯಸ್ಥಿಕೆಯ ಪಾತ್ರಾಭಿನಯದಲ್ಲಿ. 40 ನಿಮಿಷ ಆಟ, 10 ನಿಮಿಷ ಚರ್ಚೆ. ಇದು ತಪ್ಪು ಲೆಕ್ಕ. ಪಾತ್ರದಲ್ಲಿ ಕೂಗಾಡಿದವರು ಆ ಬಿಸಿಯಲ್ಲೇ ಕ್ಯಾಂಟೀನಿಗೆ ಹೋಗುತ್ತಾರೆ, ಜಗಳ ಅಲ್ಲಿ ಮುಂದುವರಿಯುತ್ತದೆ. ಆಟಕ್ಕೆ 25 ನಿಮಿಷ ಸಾಕು. ಮುಗಿದ ಕೂಡಲೇ ಎಲ್ಲರೂ ಕುರ್ಚಿ ಬದಲಿಸಿ ತಂತಮ್ಮ ಹೆಸರು ಹೇಳಲಿ, ಪಾತ್ರ ಕಳಚುತ್ತದೆ. ನಂತರ ಹೇಗನಿಸಿತು, ಏನು ನಡೆಯಿತು, ಪಾಠಕ್ಕೇನು ನಂಟು — ಇದೇ ಕ್ರಮ. ಸಿದ್ಧಾಂತದಿಂದ ಶುರು ಮಾಡಿದರೆ ಸಿಟ್ಟು ಒಳಗೇ ಉಳಿಯುತ್ತದೆ.

ಪರೀಕ್ಷೆಯೂ ಪತ್ರಿಕೆಗೆ ತಕ್ಕುದಾಗಿಲ್ಲ. 100ರಲ್ಲಿ 80 ಅಂಕ ವ್ಯಾಖ್ಯೆ ಬರೆಯುವುದಕ್ಕೆ. ಮೊದಲ ನಕ್ಷೆ, ತಿದ್ದಿದ ನಕ್ಷೆ ಎರಡನ್ನೂ ಇಟ್ಟು ಏನು ಬದಲಾಯಿತೆಂದು ಬರೆಸಿದರೆ ಕಲಿಕೆ ನಿಜವಾಗಿ ತಿಳಿಯುತ್ತದೆ.

ಇನ್ನು ಬಂದರು ಭೇಟಿ. ಅದನ್ನು ಜುಲೈಯಲ್ಲಿ ಇಟ್ಟಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಸಾಲಾಗಿ ಕಟ್ಟಿದ ಬೋಟು, ಬಲೆ ಹೆಣೆಯುವವರು ಬಿಟ್ಟರೆ ನೋಡಲು ಬೇರೇನಿಲ್ಲ. ಸೆಪ್ಟೆಂಬರಿಗೆ ಹಾಕಿ, ಬೆಳಗ್ಗೆ ಏಲಂ ನಡೆಯುವ ಹೊತ್ತಿಗೆ ಕರೆದೊಯ್ಯಬೇಕು.