ಕಂಠೀರವದಲ್ಲಿ ಮೂರು ಟಿಕೆಟ್: ಒಂದು ಡ್ರಾ, ಎರಡು ಶೂಟೌಟ್

ಕಂಠೀರವ ಸ್ಟೇಡಿಯಂಗೆ ದುಡ್ಡು ಕೊಟ್ಟು ಫುಟ್ಬಾಲ್ ನೋಡೋಕೆ ಹೋಗಬಹುದಾ ಅಂತ ಯಾರಾದರೂ ಕೇಳಿದರೆ ನಾನು 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್ಬಾಲ್ ಒಕ್ಕೂಟದ) ಚಾಂಪಿಯನ್‌ಶಿಪ್ ಕಥೆ ಹೇಳುತ್ತೇನೆ. ಎಂಟು ದಿನದಲ್ಲಿ ಮೂರು ಸಲ ಹೋದೆ, ಅಕ್ಕನ ಮಗನನ್ನು ಕರೆದುಕೊಂಡು. ಮೂರೂ ಮ್ಯಾಚ್ ತೊಂಬತ್ತು ನಿಮಿಷಕ್ಕೆ ಸಮ ಸಮ. ಮೊದಲನೆಯದು ಅಲ್ಲಿಗೇ ಮುಗಿಯಿತು, ಉಳಿದೆರಡು ಪೆನಾಲ್ಟಿ ಶೂಟೌಟ್‌ವರೆಗೆ ಹೋದವು, ಅಂದರೆ ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಬಂದು ಒದ್ದು ಗೆಲುವು ತೀರ್ಮಾನ ಮಾಡುವುದು. ಪಾಯಿಂಟ್ ಲೆಕ್ಕದ ಲೀಗ್ ಮ್ಯಾಚ್ ಡ್ರಾ ಆದರೂ ಶೂಟೌಟ್ ಇಡಬೇಕು, ಇಲ್ಲದಿದ್ದರೆ ಟಿಕೆಟ್ ದುಡ್ಡು ದಂಡ ಅನ್ನುವವರು ಇದ್ದಾರಲ್ಲ, ಈ ರಿವ್ಯೂ ಮುಖ್ಯವಾಗಿ ಅವರಿಗೆ.

ಜೂನ್ 27. ಭಾರತ–ಕುವೈತ್, ಗ್ರೂಪ್ ಹಂತದಲ್ಲಿ ನಮ್ಮ ಕೊನೆಯ ಮ್ಯಾಚ್. ಹಾಫ್ ಟೈಮ್‌ಗೆ ಸ್ವಲ್ಪ ಮೊದಲು ನಮ್ಮ ಥಾಪಾ ಕಾರ್ನರ್ ಹೊಡೆದ, ಚೆಟ್ರಿ ಚೆಂಡನ್ನು ನೆಲಕ್ಕೆ ಬೀಳೋಕೆ ಬಿಡದೆ ಒದ್ದ, ಗೋಲು. ಅಲ್ಲಿಂದ ಕೊನೆಯವರೆಗೂ ನಾವೇ ಮುಂದೆ. ಇನ್ನೇನು ಮುಗಿಯಿತು ಅನ್ನುವಾಗ, ತೊಂಬತ್ತು ನಿಮಿಷದ ಮೇಲೆ ರೆಫರಿ ಸೇರಿಸಿದ ಒಂದೆರಡು ನಿಮಿಷದಲ್ಲಿ, ನಮ್ಮ ಅನ್ವರ್ ಅಲಿಗೆ ತಗುಲಿ ಚೆಂಡು ನಮ್ಮದೇ ಗೋಲೊಳಗೆ ಹೋಯಿತು. 1–1. ಅಷ್ಟು ಹೊತ್ತು ಕೂಗುತ್ತಿದ್ದ ಸ್ಟ್ಯಾಂಡ್ ಗಪ್‌ಚುಪ್ ಆಯಿತು.

"ಮಾಮ, ಈಗ ಪೆನಾಲ್ಟಿ ಇರುತ್ತಾ?"

"ಇಲ್ಲ ಕಣೋ, ಇದು ಗ್ರೂಪ್ ಮ್ಯಾಚು. ಇಷ್ಟೇ."

"ಇಷ್ಟೇನಾ?"

ಅವನ ಮುಖ ಸಪ್ಪಗಾಯಿತು. ಮೆಟ್ರೋ ಕಡೆ ನಡೆಯುತ್ತಾ ಲೆಕ್ಕ ಹೇಳಿಕೊಟ್ಟೆ. ಎರಡೂ ತಂಡಕ್ಕೆ ಏಳೇಳು ಪಾಯಿಂಟ್. ಗೋಲು ವ್ಯತ್ಯಾಸವೂ (ಹೊಡೆದಿದ್ದರಲ್ಲಿ ಹೊಡೆಸಿಕೊಂಡಿದ್ದು ಕಳೆದರೆ ಉಳಿಯುವುದು) ಒಂದೇ, ಆರು. ಆದರೆ ಕುವೈತ್ ಹೊಡೆದಿದ್ದು ಒಟ್ಟು ಎಂಟು ಗೋಲು, ನಾವು ಏಳು, ಹಾಗಾಗಿ ಗ್ರೂಪ್‌ನಲ್ಲಿ ಮೊದಲ ಸ್ಥಾನ ಅವರಿಗೆ. ಆಮೇಲೆ ಸೆಮಿಫೈನಲ್‌ನಲ್ಲಿ ಅವರಿಗೆ ಬಾಂಗ್ಲಾದೇಶ ಸಿಕ್ಕಿತು, ನಮಗೆ ಲೆಬನಾನ್. ಆ ಒಂದು ಸ್ವಂತ ಗೋಲಿನಿಂದ ನಮ್ಮ ಮುಂದಿನ ದಾರಿಯೇ ಬದಲಾಯಿತು. ಯಾರೂ ಗೆಲ್ಲಲಿಲ್ಲ ಅಂದ ಮಾತ್ರಕ್ಕೆ ಏನೂ ಆಗಲಿಲ್ಲ ಅಂತಲ್ಲ, ಅಲ್ವಾ?

ಜುಲೈ 1ರಂದು ಲೆಬನಾನ್ ಜೊತೆ ತೊಂಬತ್ತರ ಮೇಲೆ ಇನ್ನೂ ಮೂವತ್ತು ಸೇರಿಸಿ 120 ನಿಮಿಷ ಆಡಿದರೂ ಗೋಲಿಲ್ಲ. ಶೂಟೌಟ್. ನಾವು ಕೂತಿದ್ದು ಎದುರಿನ ತುದಿಯಲ್ಲಿ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಹಾಗಾಗಿ ಆ ಕಡೆಯ ಗೋಲು ಇಲ್ಲಿಂದ ತುಂಬಾ ದೂರ. ಲೆಬನಾನ್ ಕ್ಯಾಪ್ಟನ್ ಮಾತೂಕ್ ಒದ್ದಿದ್ದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದಾಗ ನನಗೆ ಅವನ ಕೈ ಕಾಣಲೇ ಇಲ್ಲ. ಗೋಲ್ ಹಿಂದಿನ ಜನ ಒಟ್ಟಿಗೆ ಎದ್ದು ನಿಂತಿದ್ದು ಕಂಡಿತು, ಆಮೇಲೆ ಸದ್ದು ಬಂತು. 4–2, ನಾವು ಫೈನಲ್‌ಗೆ.

ಜುಲೈ 4ಕ್ಕೆ ಮತ್ತೆ ಅದೇ ಕುವೈತ್. ಅವರದು ಮೊದಲ ಗೋಲು, ಛಾಂಗ್ಟೆ ಸಮ ಮಾಡಿದ, ಮತ್ತೆ 1–1. ಈ ಸಲ ಪೆನಾಲ್ಟಿ ಇತ್ತು. ನಮ್ಮ ಉದಾಂತ ಒದ್ದಿದ್ದು ಗೋಲಿನ ಹೊರಗೆ ಹೋಯಿತು. ನಮ್ಮ ಅಂದರೆ ನಿಜವಾಗಿ ನಮ್ಮ ಹುಡುಗನೇ, ವರ್ಷಗಟ್ಟಲೆ ಬೆಂಗಳೂರು ಎಫ್‌ಸಿಗೆ ಇದೇ ಮೈದಾನದಲ್ಲಿ ಓಡಿದವನು. ಪೆನಾಲ್ಟಿ ಜಾಗದಿಂದ ಮಧ್ಯದ ಗೆರೆಗೆ ನಲವತ್ತು ಮೀಟರ್‌ಗಿಂತ ಜಾಸ್ತಿ. ಅಷ್ಟು ದೂರ ಅವನು ಒಬ್ಬನೇ ನಡೆದುಕೊಂಡು ಬರುವುದನ್ನು ಇಡೀ ಸ್ಟೇಡಿಯಂ ನೋಡುತ್ತಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟ. ಐದೈದು ಒದ್ದ ಮೇಲೂ ಸಮ, ಆಮೇಲೆ ಸಡನ್ ಡೆತ್ (ಒಂದೊಂದೇ ಒದೆತ, ಒಬ್ಬ ಹೊಡೆದು ಇನ್ನೊಬ್ಬ ತಪ್ಪಿದರೆ ಮುಗಿಯಿತು), ನಮ್ಮ ಮಹೇಶ್ ಗೋಲು ಹೊಡೆದ, ಕುವೈತ್‌ನ ಹಾಜಿಯಾ ಒದ್ದಿದ್ದನ್ನು ಗುರ್‌ಪ್ರೀತ್ ಎಡಕ್ಕೆ ಹಾರಿ ತಳ್ಳಿದ, 5–4, ಕಪ್ ನಮ್ಮದು. ಹುಡುಗನಿಗೆ ಮಾರನೇ ದಿನ ಗಂಟಲೇ ಇರಲಿಲ್ಲ.

ಟಿಕೆಟ್ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದಿದ್ದು ಟ್ರ್ಯಾಕ್‌ನಿಂದಾಗಿ ಗೋಲು ಅಷ್ಟು ದೂರ ಕಂಡಿದ್ದಕ್ಕೆ.

ಹಾಗಾದರೆ ಲೀಗ್‌ನ ಪ್ರತಿ ಡ್ರಾಗೂ ಶೂಟೌಟ್ ಇಡಬಾರದಾ? ಬೇಡ, ನಾನು ಖಂಡಿತ ಒಪ್ಪಲ್ಲ. ಆ ರಾತ್ರಿ ಎದೆ ಢವಢವ ಅಂದಿದ್ದು ಸೋತವರು ಮನೆಗೆ ಹೋಗಬೇಕು ಅನ್ನುವ ಕಾರಣಕ್ಕೆ. ಲೀಗ್‌ನಲ್ಲಿ ಸೋತವನಿಗೆ ಮುಂದಿನ ವಾರ ಮತ್ತೆ ಮ್ಯಾಚ್ ಇದೆ. ಅದಕ್ಕಿಂತ ದೊಡ್ಡ ತೊಂದರೆ ಪಾಯಿಂಟ್‌ಗಳದ್ದು. ಈಗ ಗೆದ್ದರೆ ಮೂರು, ಡ್ರಾ ಆದರೆ ಇಬ್ಬರಿಗೂ ಸೇರಿ ಎರಡೇ. ಉಳಿದ ಒಂದು ಪಾಯಿಂಟ್ ಯಾರಿಗೂ ಇಲ್ಲ. ಕೊನೆಯ ಹತ್ತು ನಿಮಿಷ ಎರಡೂ ತಂಡ ಮುನ್ನುಗ್ಗುವುದು ಅದಕ್ಕೇ. ಆ ಪಾಯಿಂಟ್ ಪೆನಾಲ್ಟಿಯಲ್ಲಿ ಸಿಗುತ್ತದೆ ಅಂದರೆ ದುರ್ಬಲ ತಂಡ ಮೊದಲ ನಿಮಿಷದಿಂದಲೇ ಹತ್ತು ಜನರನ್ನು ಗೋಲಿನ ಮುಂದೆ ನಿಲ್ಲಿಸಿ ಶೂಟೌಟ್‌ಗೆ ಕಾಯುತ್ತದೆ. ನಾನು ದುಡ್ಡು ಕೊಟ್ಟಿದ್ದು ಆ ತೊಂಬತ್ತು ನಿಮಿಷಕ್ಕೂ ಸೇರಿಸಿ ತಾನೇ?

ಲೀಗ್‌ನಲ್ಲಿ ಶೂಟೌಟ್ ಇಡುವುದು ಹೊಸ ಯೋಚನೆ ಏನಲ್ಲ. ನಾರ್ವೆ 1987ರ ಲೀಗ್‌ನಲ್ಲಿ ಮಾಡಿ ನೋಡಿತು, ಒಂದೇ ಸೀಸನ್‌ಗೆ ಬಿಟ್ಟಿತು. ಯುಗೊಸ್ಲಾವಿಯದಲ್ಲಿ 1988ರಿಂದ ಡ್ರಾ ಆದ ಮೇಲೆ ಪೆನಾಲ್ಟಿ ಗೆದ್ದವರಿಗೆ ಒಂದು ಪಾಯಿಂಟ್, ಸೋತವರಿಗೆ ಸೊನ್ನೆ ಕೊಡುತ್ತಿದ್ದರು. ತೊಂಬತ್ತು ನಿಮಿಷ ಸಮನಾಗಿ ಆಡಿದವನು ಬರಿಗೈಲಿ ಹೋಗಬೇಕು, ಇದು ಅನ್ಯಾಯ. ಅಮೆರಿಕದ ಎಂಎಲ್‌ಎಸ್ ಲೀಗ್ 1996ರಿಂದ 1999ರವರೆಗೆ 35 ಗಜದಿಂದ ಚೆಂಡು ಓಡಿಸಿಕೊಂಡು ಬಂದು ಐದು ಸೆಕೆಂಡಿನಲ್ಲಿ ಒದೆಯುವ ಶೂಟೌಟ್ ಇಟ್ಟಿತ್ತು, ನೋಡೋಕೆ ಮಜಾ, ಆದರೂ ನಿಲ್ಲಿಸಿದರು. ಜಪಾನ್‌ನ ಜೆ ಲೀಗ್ 2026ರ ಮೊದಲ ಅರ್ಧದ ವಿಶೇಷ ಟೂರ್ನಿಗೆ ಪೆನಾಲ್ಟಿ ಇಟ್ಟುಕೊಂಡಿತು, ಗೆದ್ದವರಿಗೆ ಎರಡು, ಸೋತವರಿಗೆ ಒಂದು. ಅದರಲ್ಲಿ ಮೇಲಿನ ಡಿವಿಷನ್‌ಗೆ ಹೋಗುವುದು, ಕೆಳಗೆ ಬೀಳುವುದು ಯಾವುದೂ ಇರಲಿಲ್ಲ. ಅಂಥ ಕಡೆ ಪ್ರಯೋಗ ಮಾಡಲಿ, ನನ್ನ ತಕರಾರಿಲ್ಲ.

ಸ್ಯಾಫ್ ನಡೆದ 2023ರಲ್ಲೇ, ಮಾರ್ಚ್ 12ರಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮುಂಬೈಯನ್ನು ಇದೇ ಕಂಠೀರವದಲ್ಲಿ ಪೆನಾಲ್ಟಿಯಲ್ಲಿ 9–8ಕ್ಕೆ ಸೋಲಿಸಿತ್ತು. ಆರು ದಿನದ ನಂತರ ಗೋವಾದ ಫೈನಲ್‌ನಲ್ಲಿ ಪೆನಾಲ್ಟಿಯಲ್ಲೇ ಸೋತೆವು, 4–3. ಆ ಸೋಲು ಇನ್ನೂ ನೋಯುತ್ತದೆ. ಫೈನಲ್ ಅಂದಮೇಲೆ ಯಾರಾದರೂ ಸೋಲಲೇಬೇಕು, ಅದಕ್ಕೇ ನುಂಗಿಕೊಂಡೆ. ವಾರವಾರ ಹಾಗೆ ಆಗುವುದು ಬೇಡ.

ಹೋಗುವವರಿಗೆ ಒಂದು ಮಾತು. ನಾಕೌಟ್ ಮ್ಯಾಚ್ (ಸೋತರೆ ಟೂರ್ನಿಯಿಂದ ಹೊರಗೆ) ಆದರೆ ಮಧ್ಯದ ಗೆರೆಯ ಪಕ್ಕದ ಸೀಟು ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಪೆನಾಲ್ಟಿ ಯಾವ ಕಡೆಯ ಗೋಲಿಗೆ ಅನ್ನುವುದು ಟಾಸ್ ಹಾಕಿದ ಮೇಲೇ ಗೊತ್ತಾಗುವುದು. ಮತ್ತೆ ವಾಪಸ್ ಹೋಗುವ ಮೆಟ್ರೋ ಟೈಮ್ ನೋಡಿಟ್ಟುಕೊಂಡಿರಿ, ಫೈನಲ್ ರಾತ್ರಿ ನಾವು ಗೇಟಿನಿಂದ ಹೊರಗೆ ಬರುವಾಗ ಹತ್ತೂವರೆ ದಾಟಿತ್ತು.