ಮೇಗರವಳ್ಳಿ ಮಳೆಯಲ್ಲಿ ಐದು ವರ್ಷ: ನಮ್ಮ ಮನೆಯ ಬ್ರೌಸರ್‌ಗಳು

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಬಂದವರು ಮತ್ತೆ ವಾಪಸ್ ಹೋಗಲಿಲ್ಲ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯಿಂದ ಸ್ವಲ್ಪ ಒಳಗಿದೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ. ನಾನು ಮನೆಯಲ್ಲೇ ಕೂತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನಕ್ಕೆ ಏಳೆಂಟು ಗಂಟೆ ಬ್ರೌಸರ್ ಮುಂದೆಯೇ ಕಳೆಯುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿ ಮಗಳು ಪಾಠ ಕೇಳುತ್ತಾಳೆ, ಯಜಮಾನರು ಪಹಣಿ ತೆಗೆಯುತ್ತಾರೆ. ಮಾವನವರಿಗೆ ಜಗಲಿಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಇವತ್ತು ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ನೋಡದೆ ಅವರು ಕಾಫಿ ಲೋಟ ಕೆಳಗಿಡುವುದಿಲ್ಲ.

ಈ ಐದು ವರ್ಷದಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಬ್ರೇವ್ ನಾಲ್ಕನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ಮಾತು ಯಾವಾಗಲೂ ವೇಗದಿಂದ ಶುರುವಾಗುತ್ತದೆ. ಒಳ್ಳೆಯ ಲೈನ್ ಇರುವ ಊರಿನಲ್ಲಿ ಅದು ಸರಿಯಾದ ಪ್ರಶ್ನೆ ಇರಬಹುದು. ನಮ್ಮಲ್ಲಿ ಜೂನ್ ಬಂತು ಅಂದರೆ ಮರ ಬಿದ್ದು ಕೇಬಲ್ ಹರಿಯುತ್ತದೆ. ಕರೆಂಟ್ ಹೋದರೆ ಮರುದಿನ ಬಂದರೆ ಬಂತು. ಕೇಬಲ್ ಹರಿದಾಗ ಫೋನನ್ನು ಉಪ್ಪರಿಗೆಯ ಕಿಟಕಿಯಲ್ಲಿ ಇಟ್ಟು ಹಾಟ್‌ಸ್ಪಾಟ್ ಹಾಕಿಕೊಳ್ಳಬೇಕು. ಒಂದೋ ಎರಡೋ ಕಡ್ಡಿ ಸಿಗ್ನಲ್. ಅಂಥ ಹೊತ್ತಿನಲ್ಲಿ ಬ್ರೌಸರ್ ಏನನ್ನು ತರದೆ ಬಿಡುತ್ತದೆ ಅನ್ನುವುದೇ ಅದರ ವೇಗ. ನಾನು ಫೈರ್‌ಫಾಕ್ಸ್‌ಗೆ ಬಂದು ನಿಂತಿದ್ದಕ್ಕೆ ಮೊದಲ ಕಾರಣ ಇದು.

ತರದೆ ಬಿಡುವ ಕೆಲಸ ಮಾಡುವುದು ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ರೇಮಂಡ್ ಹಿಲ್ ಅನ್ನುವವರು ಕಟ್ಟಿದ್ದು. ದುಡ್ಡು ಕೇಳುವುದಿಲ್ಲ, ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಒಂದು ಸುದ್ದಿ ಪುಟ ತೆರೆದರೆ ಅದರ ಗುಂಡಿಯ ಮೇಲಿನ ಸಂಖ್ಯೆ ಎಷ್ಟೋ ಸಲ 40 ದಾಟುವುದನ್ನು ನೋಡಿದ್ದೇನೆ. ಅಂದರೆ ನಾನು ಓದಲು ಬಂದ ನಾಲ್ಕು ಪ್ಯಾರಾದ ಜೊತೆ ನಲವತ್ತು ಬೇಡದ ಸಾಮಾನು ಬರಲು ನೋಡುತ್ತಿತ್ತು. ಜಾಹೀರಾತಿನ ಚಿತ್ರ, ತಾನಾಗಿ ಓಡುವ ವಿಡಿಯೋ, ನಾನು ಎಲ್ಲೆಲ್ಲಿ ಹೋದೆ ಅಂತ ಬರೆದಿಡುವ ಪುಟ್ಟ ಪುಟ್ಟ ಕೋಡುಗಳು. ಅವನ್ನೆಲ್ಲ ಬಾಗಿಲಲ್ಲೇ ತಡೆದರೆ ಒಂದು ಕಡ್ಡಿ ಸಿಗ್ನಲ್‌ನಲ್ಲೂ ಪುಟ ತೆರೆಯುತ್ತದೆ. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದದ್ದು ಈಗ ರಾತ್ರಿವರೆಗೆ ಬರುತ್ತದೆ.

ಇದೇ ಯುಬ್ಲಾಕ್ ಒರಿಜಿನ್ ಮೊದಲು ಕ್ರೋಮ್‌ನಲ್ಲೂ ಇತ್ತು. ಕ್ರೋಮ್ ಮಾಡುವ ಗೂಗಲ್ ತನ್ನ ಎಕ್ಸ್‌ಟೆನ್ಶನ್ ನಿಯಮಗಳನ್ನು ಮ್ಯಾನಿಫೆಸ್ಟ್ ವಿ3 ಅನ್ನುವ ಹೊಸ ಪದ್ಧತಿಗೆ ಬದಲಿಸಿತು. 2024ರಿಂದ ಹಳೆಯ ಪದ್ಧತಿಯವನ್ನು ಹಂತ ಹಂತವಾಗಿ ನಿಲ್ಲಿಸಿತು. ಏನು ವ್ಯತ್ಯಾಸ ಅಂತ ನಮ್ಮ ಮನೆಯಲ್ಲಿ ನಾನು ಹೀಗೆ ವಿವರಿಸಿದ್ದೆ. ಮೊದಲು ಉಣುಗೋಲಿನ, ಅಂದರೆ ಮರದ ಗೇಟಿನ, ಹತ್ತಿರ ನಾವೇ ನಿಲ್ಲಿಸಿದ ಆಳು ಇದ್ದ. ಬಂದವರ ಮುಖ ನೋಡಿ, ಮಾತಾಡಿಸಿ, ಬಿಡಬೇಕೋ ಬೇಡವೋ ಅಂತ ಅವನೇ ತೀರ್ಮಾನ ಮಾಡುತ್ತಿದ್ದ. ಈಗ ಆಳು ಇಲ್ಲ. ಯಾರನ್ನು ಬಿಡಬಾರದು ಅಂತ ಮೊದಲೇ ಚೀಟಿ ಬರೆದು ಬ್ರೌಸರ್ ಕೈಗೆ ಕೊಡಬೇಕು, ಚೀಟಿ ನೋಡಿ ಬ್ರೌಸರ್ರೇ ತಡೆಯುತ್ತದೆ. ಚೀಟಿಗೆ ಉದ್ದದ ಮಿತಿಯೂ ಇದೆ.

ಇದು ಭದ್ರತೆಗಾಗಿ ಅಂತ ಗೂಗಲ್ ಹೇಳುವ ಕಾರಣ ಸುಳ್ಳಲ್ಲ. ಆಳು ಒಳ್ಳೆಯವನಾದರೆ ಸರಿ. ಕೆಟ್ಟವನಾದರೆ ಮನೆಗೆ ಬಂದುಹೋಗುವ ಎಲ್ಲರನ್ನೂ ನೋಡುವವನು ಅವನೇ ಅಲ್ವಾ? ಕ್ರೋಮ್‌ಗೆ ಈಗ ಯುಬ್ಲಾಕ್ ಒರಿಜಿನ್ ಲೈಟ್ ಸಿಗುತ್ತದೆ. ಮೂರು ತಿಂಗಳು ಬಳಸಿದೆ, ಜಾಹೀರಾತಿನ ಮಟ್ಟಿಗೆ ಸಾಕು. ಆದರೆ ನನಗೆ ಬೇಕಾದ ಪುಟದಲ್ಲಿ ಬೇಕಾದ್ದನ್ನು ಮಾತ್ರ ಬಿಡುವ ಸೂಕ್ಷ್ಮ ಹಿಡಿತ ಅದರಲ್ಲಿ ಸಿಗಲಿಲ್ಲ. ಫೈರ್‌ಫಾಕ್ಸ್ ಹೊಸ ಪದ್ಧತಿಯನ್ನೂ ತಂದು, ಹಳೆಯ ಆಳನ್ನೂ ಉಳಿಸಿಕೊಂಡಿದೆ.

ಫೋನಿನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಅಂದರೆ ಫೋನೇ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಮೊದಲಿನಿಂದ ಇತ್ತು. 2023ರ ಡಿಸೆಂಬರ್‌ನಲ್ಲಿ ಬೇರೆ ನೂರಾರು ಎಕ್ಸ್‌ಟೆನ್ಶನ್‌ಗಳೂ ಬಂದವು. ಕೊಪ್ಪದಲ್ಲಿರುವ ಅಮ್ಮನ ಫೋನಿಗೆ ಮಾತ್ರ ಬ್ರೇವ್ ಹಾಕಿಕೊಟ್ಟಿದ್ದೇನೆ. ಅದರಲ್ಲಿ ಜಾಹೀರಾತು ತಡೆಯುವ ವ್ಯವಸ್ಥೆ ಒಳಗೇ ಬರುತ್ತದೆ, ಬೇರೇನೂ ಸೇರಿಸಬೇಕಾಗಿಲ್ಲ. ವೆಬ್ ಪುಟಗಳ ಕೋಡು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಹುಟ್ಟಿಸಿದ ಬ್ರೆಂಡನ್ ಐಕ್ ಕಟ್ಟಿದ ಕಂಪನಿ ಅದು. ಬ್ರೌಸರ್ ಒಳಗಿನ ಎಂಜಿನ್ ಕ್ರೋಮ್‌ನದ್ದೇ. ಕ್ರಿಪ್ಟೋ, ರಿವಾರ್ಡ್ ಅಂತ ಬರುವ ಗುಂಡಿಗಳನ್ನು ಸೆಟ್ಟಿಂಗ್‌ನಲ್ಲಿ ಮರೆಮಾಡಿ ಕೊಟ್ಟೆ. ಅಮ್ಮ ಒಮ್ಮೆಯೂ ದೂರು ಹೇಳಿಲ್ಲ.

ಇನ್ನು ಎಕ್ಸ್‌ಟೆನ್ಶನ್‌ಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. 2021ರಲ್ಲಿ ನನ್ನ ಬ್ರೌಸರ್‌ನಲ್ಲಿ ಹದಿಮೂರು ಎಕ್ಸ್‌ಟೆನ್ಶನ್ ಇದ್ದವು. ಪಿಡಿಎಫ್ ಜೋಡಿಸಲು ಒಂದು, ಸ್ಕ್ರೀನ್‌ಶಾಟ್‌ಗೆ ಒಂದು, ಬಣ್ಣ ಬದಲಿಸಲು ಒಂದು. ಯಾರೋ ಚೆನ್ನಾಗಿದೆ ಅಂದರೆ ಸುಮ್ನೆ ಸೇರಿಸಿಕೊಳ್ಳುತ್ತಿದ್ದೆ. ಒಂದು ದಿನ ಏನು ಹುಡುಕಿದರೂ ಫಲಿತಾಂಶ ಬೇರೆ ಯಾವುದೋ ಪುಟದಲ್ಲಿ ತೆರೆಯಲು ಶುರುವಾಯಿತು. ಎರಡು ದಿನ ಒದ್ದಾಡಿ, ಒಂದೊಂದಾಗಿ ತೆಗೆದು ನೋಡಿದೆ. ಆ ಪಿಡಿಎಫ್ ಎಕ್ಸ್‌ಟೆನ್ಶನ್ ತೆಗೆದ ಕೂಡಲೇ ಎಲ್ಲ ಸರಿಯಾಯಿತು. ಅದನ್ನು ಹಾಕುವಾಗಲೇ ನೀವು ತೆರೆಯುವ ಎಲ್ಲ ಸೈಟುಗಳ ಮಾಹಿತಿಯನ್ನು ಓದಲು, ಬದಲಿಸಲು ಬಿಡುತ್ತೀರಾ ಅಂತ ಕೇಳಿತ್ತು. ನಾನು ಓದದೆ ಒಪ್ಪಿದ್ದೆ. ನನ್ನ ಗಿರಾಕಿಗಳ ಕರಡುಗಳು, ನನ್ನ ಮೇಲ್, ಎಲ್ಲವನ್ನೂ ಓದಬಲ್ಲ ಅನುಮತಿ ಅದು. ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಒಳ್ಳೆಯ ಎಕ್ಸ್‌ಟೆನ್ಶನ್ ಮುಂದೆಯೂ ಒಳ್ಳೆಯದಾಗಿಯೇ ಇರುತ್ತದೆ ಅನ್ನುವ ನಂಬಿಕೆಯೂ ಇಲ್ಲ. ಕ್ರೋಮ್‌ನಲ್ಲಿ ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುವಂಥದ್ದು. ಲಕ್ಷಾಂತರ ಜನ ಬಳಸುತ್ತಿದ್ದರು. ಕಟ್ಟಿದವರು 2020ರಲ್ಲಿ ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಅದರೊಳಗೆ ಕೆಟ್ಟ ಕೋಡು ಇದೆ ಅಂತ ಗೂಗಲ್ಲೇ ತೆಗೆದುಹಾಕಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಅನ್ನುವ ಭದ್ರತಾ ಕಂಪನಿಯ ಎಕ್ಸ್‌ಟೆನ್ಶನ್‌ಗೇ ಕಳ್ಳರು ಕೈಹಾಕಿದರು. ಕಂಪನಿಯ ಸಿಬ್ಬಂದಿಗೆ ಮೋಸದ ಮೇಲ್ ಕಳಿಸಿ, ಆ ದಾರಿಯಿಂದ ಕೆಟ್ಟ ಅಪ್‌ಡೇಟ್ ಹೊರಗೆ ಬಿಟ್ಟರು. ಬಳಸುವವರು ಏನೂ ತಪ್ಪು ಮಾಡಿರಲಿಲ್ಲ. ಅಪ್‌ಡೇಟ್ ತಾನಾಗಿ ಬಂತು ಅಷ್ಟೇ.

ಈಗ ನನ್ನಲ್ಲಿ ಮೂರೇ ಇವೆ. ಯುಬ್ಲಾಕ್ ಒರಿಜಿನ್, ಪಾಸ್‌ವರ್ಡ್‌ಗಳನ್ನು ಕಾದಿಡಲು ಬಿಟ್‌ವಾರ್ಡನ್, ಆಮೇಲೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರದ್ದೇ ಮಲ್ಟಿ ಅಕೌಂಟ್ ಕಂಟೇನರ್ಸ್. ಬಿಟ್‌ವಾರ್ಡನ್ ಬಗ್ಗೆ ಒಂದು ಮಾತು. ಸೈಟಿನ ಮುಖ್ಯ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಅದು ತಾನಾಗಿ ಪಾಸ್‌ವರ್ಡ್ ತೋರಿಸಲು ಬರುವುದಿಲ್ಲ. ಕಣ್ಣು ಮೋಸಹೋಗುವ ಜಾಗದಲ್ಲಿ ಅದು ಮೋಸಹೋಗುವುದಿಲ್ಲ. ಕನ್ನಡ ಟೈಪ್ ಮಾಡಲು ಯಾವ ಎಕ್ಸ್‌ಟೆನ್ಶನ್ನೂ ಬೇಡ, ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ.

ಕಂಟೇನರ್ಸ್ ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಹಳೆಯ ಮನೆಗಳಲ್ಲಿ ಬಂದವರೆಲ್ಲ ಒಳಗೆ ಬರುವುದಿಲ್ಲ. ಕೆಲವರು ಜಗಲಿ, ಕೆಲವರು ನಡುಮನೆ, ಅಡುಗೆಮನೆಗೆ ತೀರಾ ಹತ್ತಿರದವರು. ಹಾಗೆಯೇ ಬ್ಯಾಂಕಿಗೆ ಒಂದು ಬಣ್ಣದ ಟ್ಯಾಬ್, ನನ್ನ ಕೆಲಸಕ್ಕೆ ಒಂದು, ಸೋಶಿಯಲ್ ಮೀಡಿಯಾಕ್ಕೆ ಇನ್ನೊಂದು. ಒಂದರ ಕುಕಿ, ಅಂದರೆ ನಮ್ಮನ್ನು ಗುರುತಿಸಲು ಸೈಟು ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತು, ಇನ್ನೊಂದಕ್ಕೆ ಕಾಣುವುದಿಲ್ಲ. ಎರಡು ಮೇಲ್ ಖಾತೆಗಳನ್ನು ಪಕ್ಕಪಕ್ಕದಲ್ಲಿ ತೆರೆದಿಡಬಹುದು. ಇದನ್ನು ಹಾಕಿಕೊಳ್ಳದಿದ್ದರೂ 2022ರ ಜೂನ್‌ನಿಂದ ಡೆಸ್ಕ್‌ಟಾಪ್ ಫೈರ್‌ಫಾಕ್ಸ್‌ನಲ್ಲಿ ಪ್ರತಿ ಸೈಟಿನ ಕುಕಿ ಆಯಾ ಡಬ್ಬಿಯಲ್ಲೇ ಉಳಿಯುತ್ತದೆ. ಕ್ರೋಮ್‌ನಲ್ಲಿ ಹೊರಗಿನವರ ಕುಕಿಗಳನ್ನು ಪೂರ್ತಿ ನಿಲ್ಲಿಸುತ್ತೇವೆ ಅಂತ 2020ರಲ್ಲಿ ಹೇಳಿದ್ದರು. 2024ರಲ್ಲಿ ಆ ಯೋಜನೆ ಕೈಬಿಟ್ಟರು. ಜಾಹೀರಾತಿನಿಂದ ನಡೆಯುವ ಕಂಪನಿಗೆ ಅದು ಕಷ್ಟವೇ.

ಹಾಗಂತ ಕ್ರೋಮ್ ಸುರಕ್ಷಿತವಲ್ಲ ಅಂತ ಯಾರೂ ತಿಳಿಯಬಾರದು. ಖಾಸಗಿತನ ಬೇರೆ, ಭದ್ರತೆ ಬೇರೆ. ಒಂದು ಸೈಟಿನ ಕೋಡು ಇನ್ನೊಂದು ಸೈಟಿನ ಮೆಮೊರಿಗೆ ಇಣುಕದ ಹಾಗೆ ಪ್ರತಿ ಸೈಟನ್ನೂ ಪ್ರತ್ಯೇಕ ಕೋಣೆಯಲ್ಲಿ ಓಡಿಸುವ ವ್ಯವಸ್ಥೆ ಕ್ರೋಮ್‌ಗೆ 2018ರಲ್ಲೇ ಬಂತು. ಡೆಸ್ಕ್‌ಟಾಪ್ ಫೈರ್‌ಫಾಕ್ಸ್‌ನಲ್ಲಿ ಅದು ಎಲ್ಲರಿಗೂ ಸಿಗಲು 2021ರ ಕೊನೆಯಾಯಿತು. ಆ ಮೂರು ವರ್ಷ ಕ್ರೋಮ್ ಮುಂದಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ವಿಳಾಸದ ಪಕ್ಕದ ಬೀಗದ ಗುರುತನ್ನು 2023ರಲ್ಲಿ ಕ್ರೋಮ್ ತೆಗೆದು ಬೇರೆ ಗುರುತು ಇಟ್ಟಿತು. ಇದು ನನಗೆ ಮೆಚ್ಚುಗೆಯಾದ ಕೆಲಸ. ಬೀಗ ಇದ್ದರೆ ಸೈಟು ನಂಬಿಕಸ್ಥರದ್ದು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದರು. ಅದರ ಅರ್ಥ ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಅಂತ ಮಾತ್ರ. ಕಳ್ಳನ ಮನೆಗೂ ಗಟ್ಟಿ ಬೀಗ ಇರುತ್ತದೆ.

ಮಾವನವರ ಡೆಸ್ಕ್‌ಟಾಪಿನ ಕಥೆ ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. 2022ರ ಮಳೆಗಾಲ. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಬೇಕೋ ಬೇಡವೋ ಅನ್ನುವ ಚಿಂತೆಯಲ್ಲಿದ್ದರು. ಅಡಿಕೆ ರೇಟು ತೋರಿಸುವ ಯಾವುದೋ ಒಂದು ಸೈಟು ನೋಟಿಫಿಕೇಶನ್ ಕಳಿಸಲೇ ಅಂತ ಕೇಳಿತು. ರೇಟು ಬದಲಾದರೆ ತಿಳಿಯುತ್ತದೆ ಅಂತ ಅವರು ಹೂಂ ಅಂದರು. ಮೂರನೇ ದಿನದಿಂದ ಪರದೆಯ ಮೂಲೆಯಲ್ಲಿ ನಿಮ್ಮ ಕಂಪ್ಯೂಟರ್‌ಗೆ ಐದು ವೈರಸ್ ಬಂದಿದೆ, ಈಗಲೇ ಒತ್ತಿ ಅಂತ ಕೆಂಪು ಚೌಕ ಬರತೊಡಗಿತು. ಹೆದರಿ ಪ್ಲಗ್ ಕಿತ್ತು ಹಾಕಿ, ನನ್ನನ್ನು ಅಡುಗೆಮನೆಯಿಂದ ಕರೆದರು. ಪುಣ್ಯಕ್ಕೆ ಒತ್ತಿರಲಿಲ್ಲ. ವೈರಸ್ ಯಾವುದೂ ಇರಲಿಲ್ಲ, ಅದು ಆ ಸೈಟಿಗೆ ಕೊಟ್ಟ ಅನುಮತಿಯ ಜಾಹೀರಾತು ಅಷ್ಟೇ. ಫೈರ್‌ಫಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಖಾಸಗಿತನ ಮತ್ತು ಭದ್ರತೆ ಅನ್ನುವ ಕಡೆ ಹೋಗಿ, ನೋಟಿಫಿಕೇಶನ್ ಪಟ್ಟಿಯಿಂದ ಆ ಸೈಟನ್ನು ತೆಗೆದೆ. ಇನ್ನು ಮುಂದೆ ಯಾರೂ ಕೇಳಲೇಬಾರದು ಅನ್ನುವ ಚೌಕಕ್ಕೂ ಗುರುತು ಹಾಕಿದೆ. ಕ್ರೋಮ್, ಎಡ್ಜ್‌ನಲ್ಲೂ ಇಂಥ ಆಯ್ಕೆ ಇದೆ. ಮನೆಯಲ್ಲಿ ವಯಸ್ಸಾದವರು ಕಂಪ್ಯೂಟರ್ ಬಳಸುತ್ತಿದ್ದರೆ ದಯವಿಟ್ಟು ಇವತ್ತೇ ಮಾಡಿ. ಯಾವ ಆಂಟಿವೈರಸ್‌ಗಿಂತಲೂ ಇದರಿಂದ ನಮಗೆ ಜಾಸ್ತಿ ನೆಮ್ಮದಿ ಸಿಕ್ಕಿದೆ.

ಆ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 7 ಇತ್ತು. 2023ರ ಶುರುವಿನಲ್ಲಿ ಬಂದ 109ನೇ ಆವೃತ್ತಿಯ ನಂತರ ಕ್ರೋಮ್ ಅದಕ್ಕೆ ಬರುವುದು ನಿಂತಿತು. ಫೈರ್‌ಫಾಕ್ಸ್‌ನವರು 115ನೇ ಆವೃತ್ತಿಯ ಇಎಸ್ಆರ್‌ಗೆ, ಅಂದರೆ ಹೆಚ್ಚು ಕಾಲ ತಿದ್ದುಪಡಿ ಸಿಗುವ ಆವೃತ್ತಿಗೆ, ಭದ್ರತಾ ತಿದ್ದುಪಡಿ ಕೊಡುವ ಗಡುವನ್ನು ಹಲವು ಸಲ ಮುಂದೂಡುತ್ತಾ ಬಂದರು. ಹೊಸ ಯಂತ್ರ ಕೊಳ್ಳಲು ಆಗದವರ ಕಡೆ ನೋಡಿದ್ದಕ್ಕೆ ನನಗೆ ಅವರ ಮೇಲೆ ಗೌರವ. ಆ ಡೆಸ್ಕ್‌ಟಾಪಿನಲ್ಲಿ ರೇಟು ನೋಡುವುದು, ಪೇಪರ್ ಓದುವುದು ಮಾತ್ರ. ಬ್ಯಾಂಕಿನ ಕೆಲಸ ಮಾಡಲು ನಾನು ಬಿಟ್ಟಿಲ್ಲ, ಯಾಕೆಂದರೆ ಆ ಹಳೆಯ ವಿಂಡೋಸ್‌ಗೆ ತಿದ್ದುಪಡಿ ಬರುವುದಿಲ್ಲ. ಮೆನುವನ್ನು ಕನ್ನಡಕ್ಕೆ ಬದಲಿಸಿಕೊಟ್ಟೆ. ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ, ಆದರೂ ಮಾವ ಈಗ ನನ್ನನ್ನು ಕರೆಯುವುದು ಕಡಿಮೆ.

ಎಡ್ಜ್ ಅನ್ನು ಎರಡು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಯಜಮಾನರಿಗೆ ಬೇಕಾದ ಒಂದು ಹಳೆಯ ಸೈಟು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟರೆ ಬೇರೆಲ್ಲೂ ಸರಿಯಾಗಿ ತೆರೆಯುವುದಿಲ್ಲ. ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿಯಾಯಿತು, ಆದರೆ ಎಡ್ಜ್ ಒಳಗೆ ಅದರ ಮೋಡ್ ಉಳಿದಿದೆ. ಎರಡನೆಯದು ನನಗೆ ತುಂಬಾ ಪ್ರೀತಿಯದು. ಎಡ್ಜ್ ಪುಟವನ್ನು ಗಟ್ಟಿಯಾಗಿ ಓದುತ್ತದೆ, ಅದರಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ. ತಿದ್ದಿ ಮುಗಿಸಿದ ಕರಡನ್ನು ಕೊನೆಗೆ ಒಮ್ಮೆ ಸಪ್ನಾಳಿಂದ ಓದಿಸುತ್ತೇನೆ. ಕಣ್ಣಿಗೆ ಸಿಗದ ತಪ್ಪು ಕಿವಿಗೆ ಸಿಗುತ್ತದೆ. ಒತ್ತಕ್ಷರ ಬಿಟ್ಟುಹೋಗಿದ್ದರೆ, ಒಂದೇ ಪದ ಎರಡು ಸಲ ಬಂದಿದ್ದರೆ ತಕ್ಷಣ ಗೊತ್ತಾಗುತ್ತದೆ. ಈ ದನಿಗಳಿಗೆ ನೆಟ್ ಬೇಕು. ಲೈನ್ ಇಲ್ಲದ ದಿನ ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಫೈರ್‌ಫಾಕ್ಸ್ ಮೇಲೂ ನನಗೆ ತಕರಾರುಗಳಿವೆ. 2025ರ ಫೆಬ್ರವರಿಯಲ್ಲಿ ಹೊಸ ಬಳಕೆಯ ನಿಯಮ ತಂದರು. ಬಳಕೆದಾರರ ಮಾಹಿತಿಯ ಬಗ್ಗೆ ಬರೆದ ಸಾಲು ಜನರಿಗೆ ಗಾಬರಿ ಹುಟ್ಟಿಸಿತು, ಕೆಲವೇ ದಿನದಲ್ಲಿ ಮಾತು ಬದಲಿಸಿದರು. ನಂಬಿಕೆಯ ಮೇಲೆ ನಿಂತವರು ಅಷ್ಟು ಅಜಾಗರೂಕರಾಗಿ ಬರೆಯಬಾರದಿತ್ತು. ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಗೂಗಲ್ ಹುಡುಕಾಟದ ಒಪ್ಪಂದದಿಂದಲೇ ಬರುತ್ತದೆ ಅನ್ನುವುದೂ ಮನಸ್ಸಿಗೆ ಚುಚ್ಚುತ್ತದೆ. ಮಗಳ ಒಂದು ಪರೀಕ್ಷೆಯ ಸೈಟು ಕ್ರೋಮ್‌ನಲ್ಲೇ ಬನ್ನಿ ಅಂದಿತು. ಅದಕ್ಕಾಗಿ ಕ್ರೋಮ್ ಕೂಡ ಇದೆ, ಒಂದೂ ಎಕ್ಸ್‌ಟೆನ್ಶನ್ ಇಲ್ಲದೆ.

ನಮ್ಮ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಮೆಮೊರಿ, ಬ್ಯಾಟರಿ ಸತ್ತು ವರ್ಷವಾಯಿತು. ಕರೆಂಟ್ ಹೋದರೆ ಪಟ್ ಅಂತ ಆರುತ್ತದೆ. ಮತ್ತೆ ಶುರು ಮಾಡಿದಾಗ ಫೈರ್‌ಫಾಕ್ಸ್ ಹಿಂದಿನ ಟ್ಯಾಬ್‌ಗಳನ್ನೆಲ್ಲ ತಂದುಕೊಡುತ್ತದೆ. ಅರ್ಧ ಬರೆದು ಬಿಟ್ಟಿದ್ದ ಸಾಲುಗಳೂ ಎಷ್ಟೋ ಸಲ ಇದ್ದ ಜಾಗದಲ್ಲೇ ಸಿಕ್ಕಿವೆ. ಹೋದ ಆಷಾಢದಲ್ಲಿ ಒಂದು ಸಂಜೆ ನಾಲ್ಕು ಸಲ ಕರೆಂಟ್ ಹೋಯಿತು. ನಾಲ್ಕು ಸಲವೂ ಕರಡು ಅದೇ ಪುಟದಲ್ಲಿ ತೆರೆದುಕೊಂಡಿತು, ಆ ರಾತ್ರಿಯೇ ಮುಗಿಸಿ ಕಳಿಸಿದೆ.